ಮುಖಪುಟದ ಜೀಪು, ಕೋಡಿಯ ನೀರು

ಹವ್ಯಾಸದ ಪತ್ರಿಕೆಗಳ ಲೋಕದಲ್ಲಿ ಒಂದು ಸ್ವಾರಸ್ಯವಾದ ಪದ್ಧತಿಯುಂಟು. ಮುಖಪುಟ ಅಚ್ಚಿಗೆ ಹೋಗುವ ಮೊದಲೋ, ಸಂಚಿಕೆ ಅಂಗಡಿಗೆ ಬಂದ ಮೇಲೋ, ಸಂಪಾದಕರು ಓದುಗರನ್ನೇ ಕರೆದು ಇದರಲ್ಲಿ ಏನು ತಪ್ಪಿದೆ ಹೇಳಿ ಎಂದು ಕೇಳುತ್ತಾರೆ. ರಸ್ತೆಯೇ ಇಲ್ಲದ ಕಡೆ, ಬಂಡೆ ಕೆಸರುಗಳ ಮೇಲೆ ಜೀಪು ಓಡಿಸುವವರ ಪತ್ರಿಕೆಗಳಲ್ಲಿ ಈ ಕೆಲಸಕ್ಕೆ ಜನ ತಾವಾಗಿಯೇ ಮುಂದೆ ಬರುತ್ತಾರೆ. ಕೂಲಿಯಿಲ್ಲ, ಕಾಣಿಕೆಯಿಲ್ಲ. ಆದರೂ ಒಂದೇ ಚಿತ್ರವನ್ನು ಹತ್ತು ನಿಮಿಷ ಕಣ್ಣು ಕೀಲಿಸದೆ ನೋಡುತ್ತಾರೆ. ವಿಜ್ಞಾನದ ಪುಸ್ತಕದ ಚಿತ್ರವನ್ನು ನಮ್ಮ ಮಕ್ಕಳು ಅದರ ಅರ್ಧದಷ್ಟು ಹೊತ್ತು ನೋಡಿದರೂ ಮೇಷ್ಟ್ರ ಗಂಟಲು ಉಳಿದೀತು!

ಇಂಥ ಮುಖಪುಟಗಳು ಹೇಗಿರುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಗೋಡೆಯಂಥ ಏರನ್ನು ಹತ್ತುತ್ತಿರುವ ಕೆಂಪು ಜೀಪು, ಗಾಳಿಯಲ್ಲಿ ತೇಲುವ ಚಕ್ರ, ಸಿಡಿಯುವ ಕೆಸರು. ಇಲ್ಲವೇ ಹೊಳೆಯ ನೀರನ್ನು ಎರಡು ರೆಕ್ಕೆಗಳಂತೆ ಹರಡಿ ನುಗ್ಗುವ ಗಾಡಿ. ಅಂಗಡಿಯ ಮುಂದೆ ನಿಂತ ಹುಡುಗನಿಗೆ ಇದು ಶೌರ್ಯ. ಬಲ್ಲವನಿಗೆ ಕಾಣುವುದೇ ಬೇರೆ.

ಮೊದಲು ಏರಿನ ಮಾತು. ಬಲ್ಲವರು ಜೀಪನ್ನು ನೋಡುವುದಿಲ್ಲ, ಅದರ ಹಿಂದಿನ ಮರಗಳನ್ನು ನೋಡುತ್ತಾರೆ. ಎಲ್ಲ ಮರಗಳೂ ಒಂದೇ ಕಡೆಗೆ ವಾಲಿದ್ದರೆ ವಾಲಿರುವುದು ಕಾಡಲ್ಲ, ಕ್ಯಾಮೆರಾ. ಇಪ್ಪತ್ತು ಡಿಗ್ರಿಯ ಏರನ್ನು ಮೂವತ್ತು ಮಾಡಲು ಕ್ಯಾಮೆರಾವನ್ನು ಹತ್ತು ಡಿಗ್ರಿ ಓರೆ ಹಿಡಿದರೆ ಸಾಕು. ಗುಂಡಿಯಲ್ಲಿ ನಿಂತ ನೀರು ಇದ್ದರಂತೂ ಕೆಲಸ ಇನ್ನೂ ಸುಲಭ; ನಿಂತ ನೀರಿನ ಮಟ್ಟ ಯಾವ ಛಾಯಾಗ್ರಾಹಕನ ಮಾತನ್ನೂ ಕೇಳುವುದಿಲ್ಲ. ಅಂದಹಾಗೆ, ಘಟ್ಟದ ರಸ್ತೆಗಳನ್ನು ಸಾಮಾನ್ಯವಾಗಿ ಇಪ್ಪತ್ತು ಅಡಿ ದೂರಕ್ಕೆ ಒಂದಡಿಯಂತೆ ಏರಿಸಿ ಕಟ್ಟುತ್ತಾರೆ. ಅದು ಮೂರು ಡಿಗ್ರಿಗೂ ಕಡಿಮೆ. ಅಷ್ಟಕ್ಕೇ ನಮ್ಮ ಬಸ್ಸು ಏದುಸಿರು ಬಿಡುತ್ತದೆ. ಮೂವತ್ತು ಡಿಗ್ರಿಯ ಏರಿನಲ್ಲಿ ಗಾಡಿ ಜಾರದೆ ನಿಲ್ಲಬೇಕಾದರೆ ಟೈರು ಮತ್ತು ನೆಲದ ನಡುವಿನ ಘರ್ಷಣಾಂಕ ಕನಿಷ್ಠ 0.58 ಇರಬೇಕು. ಒಣ ಬಂಡೆಯಲ್ಲಿ ಅದು ಸಿಗುತ್ತದೆ, ಒದ್ದೆ ಹುಲ್ಲಿನಲ್ಲಿ ಸಿಗುವುದಿಲ್ಲ. ಹಸಿರು ಹುಲ್ಲಿನ ಕಡಿದಾದ ಏರನ್ನು ಮಳೆಯಲ್ಲಿ ಹತ್ತುವ ಜೀಪಿನ ಚಿತ್ರ ಕಂಡರೆ ಬಲ್ಲವರು ನಗುತ್ತಾರೆ.

ಮುಖಪುಟದಲ್ಲಿ ಹೀಗೆ ಕೈಚಳಕ ತೋರಿಸುವುದು ಸಣ್ಣಪುಟ್ಟ ಪತ್ರಿಕೆಗಳಷ್ಟೇ ಅಲ್ಲ. 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯು ಅಡ್ಡಲಾಗಿ ತೆಗೆದ ಚಿತ್ರವೊಂದನ್ನು ಉದ್ದನೆಯ ಮುಖಪುಟಕ್ಕೆ ಹೊಂದಿಸಲು ಈಜಿಪ್ಟಿನ ಪಿರಮಿಡ್ಡುಗಳನ್ನೇ ಕಂಪ್ಯೂಟರಿನಲ್ಲಿ ಹತ್ತಿರ ಸರಿಸಿ ಟೀಕೆಗೆ ಗುರಿಯಾಯಿತು. ನಾಲ್ಕು ಸಾವಿರ ವರ್ಷಗಳಿಂದ ಕದಲದಿದ್ದ ಪಿರಮಿಡ್ಡು ಕದಲಿದ ಮೇಲೆ ಜೀಪಿನದೇನು ಮಹಾ!

ಇನ್ನು ಗಾಳಿಯಲ್ಲಿ ತೇಲುವ ಚಕ್ರ. ಇಲ್ಲಿ ಶ್ರೀನಿವಾಸಪುರದ ಯಾವುದೇ ಟ್ರ್ಯಾಕ್ಟರ್ ಚಾಲಕನೂ ಪರೀಕ್ಷಕನಾಗಬಲ್ಲ. ಮಳೆಗಾಲದಲ್ಲಿ ಮಾವಿನ ತೋಪಿನ ಮಣ್ಣು ನೆನೆದಾಗ ಟ್ರ್ಯಾಕ್ಟರಿನ ಒಂದು ಹಿಂಚಕ್ರ ಕೆಸರಿನಲ್ಲಿ ಗಿರ್ರನೆ ತಿರುಗುತ್ತದೆ, ಗಟ್ಟಿ ನೆಲದಲ್ಲಿರುವ ಇನ್ನೊಂದು ಸುಮ್ಮನೆ ನಿಂತಿರುತ್ತದೆ. ಕಾರಣ ಅವೆರಡರ ನಡುವಿನ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಜೋಡಣೆ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಸಾಗಬೇಕಲ್ಲ, ಅದಕ್ಕಾಗಿ ಮಾಡಿದ ಏರ್ಪಾಡು ಅದು. ಆದರೆ ಅದು ಎರಡೂ ಚಕ್ರಗಳಿಗೆ ತಿರುಗುಬಲವನ್ನು ಸಮವಾಗಿ ಹಂಚುತ್ತದೆ. ಹಿಡಿತ ತಪ್ಪಿದ ಚಕ್ರಕ್ಕೆ ಬೇಕಾದ ಬಲ ಅತ್ಯಲ್ಪ. ಇನ್ನೊಂದಕ್ಕೂ ಅಷ್ಟೇ ದಕ್ಕುತ್ತದೆ. ಅದಕ್ಕೇ ಟ್ರ್ಯಾಕ್ಟರಿನವನು ಕಾಲಿನಿಂದ ಒಂದು ಪೆಡಲ್ ಒತ್ತಿ ಎರಡೂ ಚಕ್ರಗಳನ್ನು ಬೆಸೆಯುತ್ತಾನೆ. ಡಿಫರೆನ್ಷಿಯಲ್ ಲಾಕ್ ಎಂದರೆ ಇದೇ. ಈ ಲಾಕ್ ಇಲ್ಲದ ಜೀಪಿನಲ್ಲಿ ಮುಂದಿನ ಎಡಚಕ್ರವೂ ಹಿಂದಿನ ಬಲಚಕ್ರವೂ ಒಟ್ಟಿಗೆ ನೆಲ ಬಿಟ್ಟರೆ ನಾಲ್ಕು ಚಕ್ರಗಳ ಎಳೆತವಿದ್ದೂ ಗಾಡಿ ಅಲ್ಲಾಡುವುದಿಲ್ಲ. ಎಂದರೆ, ಮುಖಪುಟದ ಆ ವೀರ ಅನೇಕ ಸಲ ಸಿಕ್ಕಿಹಾಕಿಕೊಂಡವನು! ಸಿಡಿಯುವ ಕೆಸರೂ ಅದನ್ನೇ ಸಾರುತ್ತದೆ. ಗಾಡಿಯನ್ನು ಮುಂದೆ ನೂಕಬೇಕಾದ ಶಕ್ತಿ ಮಣ್ಣನ್ನು ಹಿಂದಕ್ಕೆ ಎಸೆಯುವುದರಲ್ಲಿ ಖರ್ಚಾಗುತ್ತಿದೆ.

ಬಲ್ಲವರ ಕಣ್ಣಿಗೆ ಇನ್ನೂ ಸಣ್ಣ ಸಂಗತಿಗಳು ಬೀಳುತ್ತವೆ. ಕೆಸರಿಗೆ, ಮರಳಿಗೆ ಇಳಿಯುವ ಮುನ್ನ ಟೈರಿನ ಗಾಳಿ ಕಡಿಮೆ ಮಾಡುವುದು ವಾಡಿಕೆ. ನೆಲ ತಾಕುವ ಜಾಗ ಅಗಲವಾದಷ್ಟೂ ಹೂತುಹೋಗುವುದು ಕಡಿಮೆ. ಚಿತ್ರದಲ್ಲಿ ಟೈರಿನ ಪಕ್ಕ ಉಬ್ಬದೆ ಬಿಗಿಯಾಗಿದ್ದರೆ ಗಾಡಿ ಈಗಷ್ಟೇ ಡಾಂಬರು ರಸ್ತೆಯಿಂದ ಇಳಿದಿದೆ ಎಂದರ್ಥ. ಚಾಲಕನ ಹೆಬ್ಬೆರಳು ಸ್ಟೀರಿಂಗಿನ ಒಳಸುತ್ತಿನಲ್ಲಿದ್ದರೆ ಅವನು ಹೊಸಬ. ಚಕ್ರ ಕಲ್ಲಿಗೆ ತಾಗಿದಾಗ ಸ್ಟೀರಿಂಗ್ ತಟ್ಟನೆ ತಿರುಗಿ ಬೆರಳು ಮುರಿದೀತು. ಅನುಭವಿಗಳು ಹೆಬ್ಬೆರಳನ್ನು ಹೊರಗೇ ಇಡುತ್ತಾರೆ. ಮಡಿಕೇರಿಯ ಬಳಿ ಮಾಂದಲಪಟ್ಟಿಯ ಕಲ್ಲುದಾರಿಯಲ್ಲಿ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳ ಚಾಲಕರಿಗೆ ಇಂಥ ಪಾಠ ಯಾವ ಪುಸ್ತಕದಿಂದಲೂ ಬಂದದ್ದಲ್ಲ.

ಏರೂ ಚಕ್ರವೂ ನಕ್ಕು ಬಿಡುವ ಮಾತಾದರೆ, ನೀರು ಹಾಗಲ್ಲ. ನೀರನ್ನು ರೆಕ್ಕೆಯಂತೆ ಹಾರಿಸಬೇಕಾದರೆ ವೇಗವಾಗಿ ನುಗ್ಗಬೇಕು. ನಿಜವಾದ ಹವ್ಯಾಸಿ ನಡಿಗೆಯ ವೇಗದಲ್ಲಿ ಇಳಿಯುತ್ತಾನೆ, ಅದೂ ತಳವೂ ಸೆಳೆತವೂ ಹೇಗಿವೆ ಎಂಬುದು ಗೊತ್ತಾದ ಮೇಲೆ. ಆಳ ಗೊತ್ತಿಲ್ಲದ ಹರಿವಿಗೆ ಅವನು ಇಳಿಯುವುದೇ ಇಲ್ಲ. ಜೊತೆಗೆ ಇನ್ನೊಂದು ಗಾಡಿ, ಹಗ್ಗ ಇದ್ದೇ ಇರುತ್ತವೆ. ವೇಗದಲ್ಲಿ ನುಗ್ಗಿದವನ ಇಂಜಿನ್ ಗಾಳಿಯ ಬದಲು ನೀರು ಕುಡಿದರೆ ಪಿಸ್ಟನ್ ಅದನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ. ಇಂಜಿನ್ ಹಾಳಾದರೆ ಹೋಗಲಿ, ಹಣದಲ್ಲಿ ಮುಗಿಯಿತು.

ಗಾಡಿಯೇ ತೇಲಿದರೆ? ಇದಕ್ಕೆ ಆರ್ಕಿಮಿಡೀಸನ ತತ್ವ ಕಲಿತ ಯಾವ ಹುಡುಗಿಯೂ ಲೆಕ್ಕ ಹಾಕಬಲ್ಲಳು. ಒಂದು ಕಾಲಕ್ಕೆ ಮನೆಮನೆಯ ಕಾರಾಗಿದ್ದ ಮಾರುತಿ 800ರ ತೂಕ ಸುಮಾರು 650 ಕಿಲೋ. ಅದರ ತಳದ ವಿಸ್ತೀರ್ಣ ಸುಮಾರು ನಾಲ್ಕು ಚದರ ಮೀಟರ್ ಎಂದಿಟ್ಟುಕೊಳ್ಳಿ. ತಳದಿಂದ ಮೇಲಕ್ಕೆ 16 ಸೆಂಟಿಮೀಟರ್ ನೀರು ಏರಿದರೆ ಕಾರು ಸರಿಸುವ ನೀರಿನ ತೂಕ 640 ಕಿಲೋ. ನೀರು ಒಳನುಗ್ಗುವ ಮುನ್ನವೇ ಕಾರು ಹೆಚ್ಚುಕಡಿಮೆ ತೇಲಿದಂತೆ. ತಳಕ್ಕೂ ನೆಲಕ್ಕೂ ನಡುವಿನ ಗೇಣಗಲದ ಜಾಗ ಸೇರಿಸಿದರೆ ರಸ್ತೆಯ ಮೇಲಿನ ನೀರು ಸುಮಾರು ಒಂದಡಿ, ಅಷ್ಟೇ. ಹರಿಯುವ ನೀರು ಒಂದಡಿಯಾದರೆ ಸಣ್ಣ ಕಾರನ್ನೂ ಎರಡಡಿಯಾದರೆ ದೊಡ್ಡ ಗಾಡಿಗಳನ್ನೂ ಎತ್ತಿಕೊಂಡು ಹೋಗಬಲ್ಲದು ಎಂದು ಅಮೆರಿಕದ ಹವಾಮಾನ ಇಲಾಖೆ ಎಚ್ಚರಿಸುವುದೂ ಇದನ್ನೇ. ಪೂರ್ತಿ ತೇಲಬೇಕೆಂದೂ ಇಲ್ಲ. ಗಾಡಿಯ ಭಾರ ಅರ್ಧ ಇಳಿದರೆ ಟೈರಿನ ಹಿಡಿತವೂ ಅರ್ಧ ಇಳಿಯಿತು. ನೀರಿನ ವೇಗ ಎರಡರಷ್ಟಾದರೆ ಪಕ್ಕದಿಂದ ನೂಕುವ ಬಲ ನಾಲ್ಕರಷ್ಟು.

ಕೋಲಾರ ಜಿಲ್ಲೆಯಲ್ಲಿ ಇದನ್ನು ಹೇಳಲು ಕಾರಣವಿದೆ. ಇದು ವರ್ಷವಿಡೀ ಹರಿಯುವ ಹೊಳೆ ಇಲ್ಲದ ಸೀಮೆ. ಕೆರೆಗಳೇ ಇಲ್ಲಿನ ನದಿಗಳು, ಅವೂ ವರ್ಷಗಟ್ಟಲೆ ಜಾಲಿ ಬೆಳೆದು ಒಣಗಿದ್ದವು. 2021ರ ನವೆಂಬರಿನ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ಬಹುಕಾಲದ ನಂತರ ತುಂಬಿ ಕೋಡಿ ಹರಿದವು, ರಸ್ತೆಗಳ ಮೇಲೂ ನೀರು ಹರಿಯಿತು. ಜನ ಬಾಗಿನ ಬಿಟ್ಟು ಸಂಭ್ರಮಪಟ್ಟರು, ಪಡಬೇಕಾದದ್ದೇ. ಆದರೆ ಕೋಡಿಯ ನೀರನ್ನು ಹೇಗೆ ದಾಟಬೇಕು, ಯಾವಾಗ ದಾಟಬಾರದು ಎಂಬ ಅಜ್ಜಂದಿರ ತಿಳಿವಳಿಕೆ ಬರಗಾಲದ ವರ್ಷಗಳಲ್ಲಿ ಮೊಮ್ಮಕ್ಕಳಿಗೆ ದಾಟಿರಲಿಲ್ಲ. ಅವರು ಗಾಡಿಯೂ ನೀರೂ ಸೇರುವುದನ್ನು ಕಂಡದ್ದು ಚಿತ್ರಗಳಲ್ಲಿ, ಜಾಹೀರಾತುಗಳಲ್ಲಿ. ಪಟ್ಟಣದವರೂ ಇದಕ್ಕೆ ಹೊರತಲ್ಲ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಮಳೆನೀರಿಗೆ ಇಳಿದ ಕಾರು ಮುಳುಗಿ ಒಬ್ಬ ತರುಣಿ ಜೀವ ಕಳೆದುಕೊಂಡಳು. ವಿಧಾನಸೌಧಕ್ಕೆ ಕೂಗಳತೆಯ ದೂರ!

ಹವ್ಯಾಸಿಗಳ ಟೀಕೆಯಲ್ಲಿ ನ್ಯಾಯವಿದೆ ಎನ್ನುವುದು ಅದಕ್ಕೇ. ನೀರಿನ ಆಳ ನೋಡುತ್ತ ದಡದಲ್ಲಿ ನಿಂತವನನ್ನೂ ಮುಖಪುಟಕ್ಕೆ ತನ್ನಿ ಎಂಬುದು ಅದರ ಸಾರ. ಅಂಥ ಚಿತ್ರ ಮಾರಾಟವಾಗುವುದಿಲ್ಲವೆಂಬುದು ಪ್ರಕಾಶಕರ ಅಳಲು. ಅದೂ ಸುಳ್ಳಲ್ಲ.

ಮಕ್ಕಳು ಒಂದು ಕೆಲಸ ಮಾಡಬಹುದು. ಮನೆಗೆ ಬರುವ ಪತ್ರಿಕೆಯಲ್ಲಿ ಬೆಟ್ಟ ಹತ್ತುವ ಗಾಡಿಯ ಚಿತ್ರ ಸಿಕ್ಕರೆ ಜಾಮಿಟ್ರಿ ಪೆಟ್ಟಿಗೆಯ ಕೋನಮಾಪಕ ತನ್ನಿ. ಪುಟದ ಕೆಳ ಅಂಚಿಗೂ ಏರಿಗೂ ನಡುವಿನ ಕೋನ ಅಳೆಯಿರಿ. ಆಮೇಲೆ ಹಿಂದಿನ ಮೂರು ನಾಲ್ಕು ಮರಗಳು ನೇರದಿಂದ ಎಷ್ಟು ವಾಲಿವೆ ಎಂದು ಅಳೆದು ಸರಾಸರಿ ತೆಗೆಯಿರಿ. ಒಂದೇ ಮರವನ್ನು ನಂಬಬೇಡಿ, ಅದು ಹುಟ್ಟಿನಿಂದಲೇ ಸೊಟ್ಟಗಿದ್ದೀತು. ಮರಗಳು ಗಾಡಿಯ ಹಿಂಬದಿಗೆ ವಾಲಿದ್ದರೆ ಮೊದಲಿನ ಕೋನದಿಂದ ಇದನ್ನು ಕಳೆಯಿರಿ, ಮುಂಬದಿಗೆ ವಾಲಿದ್ದರೆ ಕೂಡಿ. ಉಳಿದದ್ದು ಬೆಟ್ಟದ ನಿಜವಾದ ಏರು.