ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ?



2023ರ ವಿಧಾನಸಭಾ ಚುನಾವಣೆ: ಒಟ್ಟು 224 ಸ್ಥಾನ, ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19, ಇತರರು 4. ಡಾಲಸ್, ಹ್ಯೂಸ್ಟನ್, ಆಸ್ಟಿನ್‌ನಲ್ಲಿರುವ ನಮಗೆ ಈ ಲೆಕ್ಕ ಬಾಯಿಪಾಠ. ಆದರೆ ಇದರಲ್ಲಿ ನಮ್ಮ ಮತಗಳೆಷ್ಟು?

ಆ ಸಲ ಬೆಂಗಳೂರಿನ ಜಯನಗರದಲ್ಲಿ ಘೋಷಣೆಯಾದ ಅಂತರ ಬರೀ 16 ಮತ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿ ಸೋತದ್ದು ಒಂದೇ ಒಂದು ಮತದಿಂದ!

ಅಮೆರಿಕದ ಪೌರತ್ವ ಪಡೆದವರಿಗೆ ಅಲ್ಲಿ ಮತವಿಲ್ಲ, ನಿಜ. ಭಾರತದ ಪೌರರಾಗಿಯೇ ಉಳಿದವರು 2010ರ ಕಾಯ್ದೆ ತಿದ್ದುಪಡಿಯಂತೆ ಫಾರ್ಮ್ 6ಎ ತುಂಬಿ ಊರಿನ ಮತದಾರರ ಪಟ್ಟಿಗೆ ಸೇರಬಹುದು. ಮತ ಹಾಕಲು ಮಾತ್ರ ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೇ ಹೋಗಬೇಕು.

ಇಲ್ಲಿಂದಲೇ ಮತ ಹಾಕುವ ಅವಕಾಶವನ್ನು ಖಂಡಿತ ಕೇಳೋಣ. ಆದರೆ ಪಟ್ಟಿಯಲ್ಲಿ ಹೆಸರೇ ಇಲ್ಲದವರ ಬೇಡಿಕೆಗೆ ಯಾರು ಕಿವಿಗೊಡುತ್ತಾರೆ? ಮೊದಲು ನೋಂದಾಯಿಸಿ, ಸ್ನೇಹಿತರಿಗೂ ತಿಳಿಸಿ.