ಗಾಲ್ಫ್ ಗೋಮಾಳದ ಆಟ ಸ್ವಾಮಿ!

ನಮ್ಮ ಮಳವಳ್ಳಿ ಕಡೆ ಗಾಲ್ಫ್ ಅಂದ್ರೆ ಸಾಕು, "ದುಡ್ಡಿರೋರ ಆಟ ಬುಡಿ" ಅಂತಾರೆ. ಅನ್ನದೆ ಇನ್ನೇನು? ಮಂಡ್ಯ, ಮದ್ದೂರಿನ ಮೇಲೆ ಹಾದು ಹೋಗೋ ಹೆದ್ದಾರಿಯ ಒಂದು ತುದೀಲಿ 1876ರ ಬೆಂಗಳೂರು ಗಾಲ್ಫ್ ಕ್ಲಬ್ಬು, ಇನ್ನೊಂದು ತುದೀಲಿ ಚಾಮುಂಡಿ ಬೆಟ್ಟದ ಬುಡದ ಮೈಸೂರು ಕ್ಲಬ್ಬು. ಎರಡೂ ಕಡೆ ಗೇಟು, ಮೆಂಬರ್‌ಶಿಪ್ಪು. ನಡುವೆ ನಮ್ಮ ಕಬ್ಬಿನ ಗದ್ದೆ...

ಆದರೆ ತಪ್ಪು ಆಟದ್ದಲ್ಲ, ಗೇಟಿನದು. ಗಾಲ್ಫಿನ ತವರು ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ನೋಡಿ. ಸಮುದ್ರದ ಪಕ್ಕದ ಆ ಬಯಲಲ್ಲಿ ಆಡೋ ಹಕ್ಕು ಊರಿನವರದು ಅಂತ 1552ರಲ್ಲೇ ಅಲ್ಲಿನ ಆರ್ಚ್‌ಬಿಷಪ್ ಬರೆದುಕೊಟ್ಟಿದ್ದಾರೆ. ನಮ್ಮ ಮಾತಲ್ಲಿ ಹೇಳೋದಾದ್ರೆ ಗೋಮಾಳ! ಇವತ್ತಿಗೂ ಅಲ್ಲಿನ ಓಲ್ಡ್ ಕೋರ್ಸಿನಲ್ಲಿ ಸಾಮಾನ್ಯವಾಗಿ ಭಾನುವಾರ ಆಟ ಇಲ್ಲ, ಜನ ನಾಯಿ, ಮಕ್ಕಳ ಜೊತೆ ಅಡ್ಡಾಡ್ತಾರೆ. 2022ರಲ್ಲಿ 150ನೇ ಓಪನ್ ಚಾಂಪಿಯನ್‌ಶಿಪ್ ನಡೆದದ್ದೂ ಅದೇ ನೆಲದ ಮೇಲೆ.

ನ್ಯೂಯಾರ್ಕ್ ಹತ್ತಿರದ ಬೆತ್‌ಪೇಜ್ ಬ್ಲ್ಯಾಕ್ ಸರ್ಕಾರಿ ಪಾರ್ಕಿನ ಮೈದಾನ. 2002 ಮತ್ತು 2009ರ ಯು.ಎಸ್. ಓಪನ್, 2025ರ ರೈಡರ್ ಕಪ್ ಎಲ್ಲಾ ಅಲ್ಲೇ ಆದದ್ದು. "ಇದು ಬಹಳ ಕಷ್ಟ, ಚೆನ್ನಾಗಿ ಪಳಗಿದವರಿಗೆ ಮಾತ್ರ" ಅನ್ನೋ ಅರ್ಥದ ಬೋರ್ಡು ಮೊದಲ ಹೊಡೆತದ ಜಾಗದಲ್ಲೇ ಇದೆ. ಬ್ಯಾಟರಿ ಗಾಡಿ ಇಲ್ಲ, ನಡೆದೇ ಆಡಬೇಕು. ಆದ್ರೂ ಜನ ರಾತ್ರಿಯೆಲ್ಲಾ ಕಾರಲ್ಲಿ ಮಲಗಿ ಸರದಿ ಕಾಯ್ತಾರೆ. ಎಚ್ಚರಿಕೆ ಇದೆ, ಅಡ್ಡಗೋಡೆ ಇಲ್ಲ. ನನಗೆ ಇಷ್ಟವಾಗೋದೇ ಇದು.

ಹಾಗಂತ ಮಂಡ್ಯಕ್ಕೂ 18 ಹೋಲಿನ ಮೈದಾನ ಬೇಕು ಅಂತೀನಾ? ಖಂಡಿತಾ ಇಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದ ಮದ್ದೂರು, ಮಳವಳ್ಳಿ ರೈತರು ಭತ್ತಕ್ಕೇ ನೀರು ಸಾಲದೆ ರಸ್ತೆಗಿಳಿಯುವಾಗ ಎಕರೆಗಟ್ಟಲೆ ಹುಲ್ಲಿಗೆ ನೀರು ಹಾಯಿಸೋದು ಅನ್ಯಾಯ.

ನಾನು ಕೇಳೋದು ಇಷ್ಟೇ. ಈಗಾಗಲೇ ಇರೋ ಮೈದಾನಗಳು ವಾರಕ್ಕೊಂದು ದಿನ ಸರ್ಕಾರಿ ಶಾಲೆ ಮಕ್ಕಳಿಗೆ ಗೇಟು ತೆಗೀಲಿ. ಬಿಡದಿ ಮೈದಾನದ ಪಕ್ಕದ ಹಳ್ಳಿಯ ಚಿಕ್ಕರಂಗಪ್ಪ ಅಲ್ಲೇ ಆಟ ಕಲಿತು ಏಷ್ಯನ್ ಟೂರ್‌ವರೆಗೆ ಹೋದರು. 2021ರ ಆಗಸ್ಟ್ 7ರ ಬೆಳಿಗ್ಗೆ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಿನಲ್ಲಿ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿಸಿಕೊಂಡಾಗ, ಗಾಲ್ಫ್ ಗೊತ್ತಿಲ್ಲದವರೂ ಟಿವಿ ಮುಂದೆ ಕೂತು ಛೇ ಅಂದಿದ್ರು. ಅಂಥ ಕೈ ನಮ್ಮ ಕೆ.ಎಂ. ದೊಡ್ಡಿಯಲ್ಲೋ ಹಲಗೂರಲ್ಲೋ ಇಲ್ಲ ಅಂತ ಹೇಳೋಕೆ, ಯಾರಾದ್ರೂ ಒಂದ್ಸಲ ಆ ಮಕ್ಕಳ ಕೈಗೆ ಕೋಲು ಕೊಟ್ಟು ನೋಡಿದ್ದಾರಾ?

ನೀವೇನಂತೀರಿ?