ಮುಖಪುಟದ ಕರ್ತೃ ಯಾರು?

ವಿಮರ್ಶೆಗೆಂದು ಬರುವ ಗ್ರಂಥಗಳನ್ನು ‘ಸಾದರ ಸ್ವೀಕಾರ’ದ ಪಟ್ಟಿಗೆ ಸೇರಿಸುವ ಮುನ್ನ ಒಂದೊಂದನ್ನೂ ಕೈಯಲ್ಲಿ ತಿರುವಿ, ಪ್ರಕಾಶಕರು, ಮುದ್ರಕರು, ಪುಟಸಂಖ್ಯೆ, ಬೆಲೆ ಇವುಗಳನ್ನು ಗುರುತುಮಾಡಿಕೊಳ್ಳುವುದು ಪತ್ರಿಕಾ ಕಚೇರಿಯ ಹಳೆಯ ಕ್ರಮ. ಈಚೆಗೆ ಬರುತ್ತಿರುವ ಎಷ್ಟೋ ಪುಸ್ತಕಗಳಲ್ಲಿ ‘ಮುಖಪುಟ ವಿನ್ಯಾಸ’ ಎಂಬ ಸಾಲಿನ ಮುಂದೆ ಹೆಸರಿಲ್ಲ. ಕೆಲವದರಲ್ಲಿ ಆ ಸಾಲೇ ಇಲ್ಲ. ಚಿತ್ರವೇನೋ ಇರುತ್ತದೆ, ಅದೂ ಥಳಥಳಿಸುವಂಥ ಚಿತ್ರ: ಸಾಯಂಕಾಲದ ಹೊಂಬೆಳಕು, ಮಂಜು ಮುಸುಕಿದ ಗಿರಿಪಂಕ್ತಿ, ನಮಗೆ ಬೆನ್ನುಮಾಡಿ ನಿಂತ ಒಬ್ಬ ಏಕಾಕಿನಿ. ಕಾದಂಬರಿ ಬಯಲುಸೀಮೆಯದಾದರೂ ಆ ಬೆಟ್ಟ ತಪ್ಪುವುದಿಲ್ಲ. ಕವನಸಂಕಲನವಾದರೂ ಆ ಹೆಂಗಸು ತಿರುಗಿ ನೋಡುವುದಿಲ್ಲ. ಕೃತಕ ಬುದ್ಧಿಮತ್ತೆಯ ಚಿತ್ರಸಾಧನಗಳು ನಮ್ಮ ಗ್ರಂಥಲೋಕದ ಹೊಸ್ತಿಲನ್ನು ದಾಟಿ ಒಳಬಂದಿವೆಯೆಂಬುದಕ್ಕೆ ಬೇರೆ ಪ್ರಮಾಣ ಬೇಕಾಗಿಲ್ಲ.

ಪ್ರಕಾಶಕರನ್ನು ದೂಷಿಸುವುದು ಸುಲಭ. ಆದರೆ ಅವರ ಲೆಕ್ಕದ ಪುಸ್ತಕವನ್ನು ಒಮ್ಮೆ ನೋಡಿದವರಿಗೆ ಆ ಧೈರ್ಯ ಬಾರದು. ಐನೂರು ಪ್ರತಿಗಳನ್ನು ಅಚ್ಚುಮಾಡಿಸಿ, ಗ್ರಂಥಾಲಯದ ಖರೀದಿಗಾಗಿ ವರ್ಷಗಟ್ಟಲೆ ಕಾಯತಕ್ಕವನು, ಅಥವಾ ನಿವೃತ್ತಿವೇತನದ ಹಣದಿಂದ ತನ್ನ ಮೊದಲ ಸಂಕಲನವನ್ನು ತಾನೇ ಹೊರತರತಕ್ಕ ಕವಿ, ಕಲಾವಿದನಿಗೆ ಸಲ್ಲಬೇಕಾದ ಕೆಲವು ಸಾವಿರ ರೂಪಾಯಿಗಳನ್ನು ಉಳಿಸಿಕೊಳ್ಳಲು ಹವಣಿಸಿದರೆ ಅದನ್ನು ಲೋಭವೆನ್ನಲಾಗದು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಈ ಯಂತ್ರವು ನಮ್ಮಲ್ಲಿ ಸ್ಥಾನಪಲ್ಲಟಗೊಳಿಸಿದ್ದು ಬಹುಮಟ್ಟಿಗೆ ಕಲಾವಿದನನ್ನಲ್ಲ. ಡಿಟಿಪಿ ಅಂಗಡಿಯಲ್ಲಿ ಅಂತರ್ಜಾಲದಿಂದ ಎತ್ತಿಕೊಂಡು, ಯಾರನ್ನೂ ಕೇಳದೆ ಅಂಟಿಸುತ್ತಿದ್ದ ಛಾಯಾಚಿತ್ರವನ್ನು. ಹಿಂದಿನ ಆ ಚೌರ್ಯವನ್ನು ಕಂಡೂ ಕಾಣದಂತಿದ್ದವರು ಇಂದು ಏಕಾಏಕಿ ಕಲೆಯ ಪಾವಿತ್ರ್ಯವನ್ನು ಕುರಿತು ಉಪನ್ಯಾಸಕ್ಕೆ ತೊಡಗುವುದು ಅಷ್ಟೇನೂ ಶೋಭಿಸುವುದಿಲ್ಲ.

ಹಾಗಾದರೆ ಆಕ್ಷೇಪವೇನು? ಮುಖಪುಟವೆಂದರೇನು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಅದಕ್ಕೆ ಕಲ್ಕತ್ತೆಯ ಒಂದು ನಿದರ್ಶನ ನನಗೆ ಪದೇ ಪದೇ ನೆನಪಾಗುತ್ತದೆ. 1943ರಲ್ಲಿ ದಿಲೀಪ್ ಕುಮಾರ್ ಗುಪ್ತರು ಅಲ್ಲಿ ಸಿಗ್ನೆಟ್ ಪ್ರೆಸ್ ಎಂಬ ಪ್ರಕಾಶನ ಸಂಸ್ಥೆಯನ್ನು ಆರಂಭಿಸಿ, ಅದರ ಗ್ರಂಥಗಳ ಬಾಹ್ಯಸ್ವರೂಪದ ಹೊಣೆಯನ್ನು, ಒಂದು ಜಾಹೀರಾತು ಕಂಪೆನಿಯಲ್ಲಿ ಆಗತಾನೆ ಕೆಲಸಕ್ಕೆ ಸೇರಿದ್ದ ಸತ್ಯಜಿತ್ ರಾಯ್ ಎಂಬ ತರುಣನಿಗೆ ಒಪ್ಪಿಸಿದರು. ತೇಜಸ್ವಿಯವರ ಅನುವಾದದ ಮೂಲಕ ಕನ್ನಡಿಗರಿಗೂ ಆಪ್ತನಾದ ಜಿಮ್ ಕಾರ್ಬೆಟ್ಟನ ‘ಮ್ಯಾನ್‌ಈಟರ್ಸ್ ಆಫ್ ಕುಮಾವೂನ್’ ಗ್ರಂಥಕ್ಕೆ ಆತ ರಚಿಸಿದ ಹೊದಿಕೆಯಲ್ಲಿ ಘರ್ಜಿಸುವ ವ್ಯಾಘ್ರವಿಲ್ಲ, ಕೋವಿ ಹಿಡಿದ ಬೇಟೆಗಾರನಿಲ್ಲ, ಅರಣ್ಯವೂ ಇಲ್ಲ. ಪುಸ್ತಕವನ್ನೆಲ್ಲ ಹುಲಿಯ ಪಟ್ಟೆಚರ್ಮ ಹೊದ್ದುಕೊಂಡಿದೆ. ಮುಂಭಾಗದಲ್ಲಿ ಗುಂಡು ಹೊಕ್ಕ ರಂಧ್ರ, ಹಿಂಭಾಗದಲ್ಲಿ ಅದು ಸೀಳಿಕೊಂಡು ಹೊರಬಿದ್ದ, ಅದಕ್ಕಿಂತ ದೊಡ್ಡದಾದ ಗಾಯ. ಗುಂಡು ಪುಸ್ತಕವನ್ನೇ ತೂರಿಕೊಂಡು ಹೋಗಿದೆ! ಒಳಹೊಕ್ಕ ಗಾಯಕ್ಕಿಂತ ಹೊರಬಿದ್ದ ಗಾಯ ದೊಡ್ಡದಾಗಿರುತ್ತದೆಂಬ ಅರಿವು, ಪುಸ್ತಕಕ್ಕೂ ಒಂದು ಹಿಂಬದಿ ಉಂಟೆಂಬ ಅರಿವು, ಇವೆರಡೂ ಒಂದೇ ಚಿತ್ತದಲ್ಲಿ ಸಂಧಿಸಿದಾಗ ಹುಟ್ಟಿದ ಯುಕ್ತಿ ಅದು. ಅದೇ ಪ್ರಕಾಶನಕ್ಕಾಗಿ ವಿಭೂತಿಭೂಷಣರ ‘ಪಥೇರ್ ಪಾಂಚಾಲಿ’ಯ ಮಕ್ಕಳ ಸಂಕ್ಷಿಪ್ತ ಆವೃತ್ತಿಗೆ ಚಿತ್ರ ಬರೆಯುತ್ತ ಬರೆಯುತ್ತ, ಇದನ್ನೊಂದು ಚಲನಚಿತ್ರವನ್ನಾಗಿ ಮಾಡಬಹುದಲ್ಲ ಎಂಬ ಆಲೋಚನೆ ಆತನಲ್ಲಿ ಅಂಕುರಿಸಿತು, 1955ರಲ್ಲಿ ಅದು ಫಲಿಸಿದ ಬಗೆಯನ್ನು ಲೋಕವೇ ಬಲ್ಲದು.

ಮುಖಪುಟವೆಂಬುದು ಗ್ರಂಥಕ್ಕೆ ದೊರೆಯುವ ಮೊದಲ ಓದು; ಲೇಖಕನಲ್ಲದ ಮತ್ತೊಂದು ಮನಸ್ಸು ಕೃತಿಯೊಳಗೆ ಸುತ್ತಾಡಿ ಬಂದು, ತಾನು ಕಂಡದ್ದನ್ನು ಒಂದೇ ಪುಟದಲ್ಲಿ ನಿವೇದಿಸತಕ್ಕ ವಿಮರ್ಶೆ. ಅದು ತಪ್ಪಾದ ಓದಾಗಿರಬಹುದು. ಲೇಖಕನೂ ಕಲಾವಿದನೂ ಮುಖಪುಟಕ್ಕಾಗಿ ಜಗಳವಾಡಿದ್ದೂ ಉಂಟು. ಜಗಳವಾಡಲು ಎದುರಿಗೊಬ್ಬನಿದ್ದನಲ್ಲ, ಅದೇ ಮುಖ್ಯ. ಯಂತ್ರಕ್ಕಾದರೋ ನಾವು ಒಪ್ಪಿಸುವುದು ಕೃತಿಯನ್ನಲ್ಲ, ಪ್ರಾಂಪ್ಟ್ ಎಂಬ ಎರಡು ಸಾಲಿನ ಅಪ್ಪಣೆಯನ್ನು. ಅಂದಮೇಲೆ ‘ದುಃಖಿತ ಮಹಿಳೆ, ಹಳ್ಳಿ, ಮುಸ್ಸಂಜೆ’ ಎಂಬ ಅಪ್ಪಣೆಗೆ ಬರುವ ಚಿತ್ರವು ಜಗತ್ತಿನ ಸಮಸ್ತ ದುಃಖಿತ ಮಹಿಳೆಯರ ಸರಾಸರಿಯಾಗದೆ ಮತ್ತೇನಾದೀತು?

ಆ ಸರಾಸರಿ ಎಲ್ಲಿಂದ ಬಂದದ್ದೆಂಬುದನ್ನೂ ವಿಚಾರಿಸಬೇಕು. 2022ರಲ್ಲಿ ಪ್ರಕಟವಾದ ಲಯಾನ್-5ಬಿ ಎಂಬ ಭಂಡಾರದಲ್ಲಿ ಅಂತರ್ಜಾಲದಿಂದ ಸಂಗ್ರಹಿಸಿದ ಸುಮಾರು 585 ಕೋಟಿ ಚಿತ್ರಗಳ ಕೊಂಡಿಗಳೂ ಅವುಗಳ ವಿವರಣೆಗಳೂ ಇದ್ದವು. ಅದೇ ವರ್ಷ ಹೊರಬಂದ ಸ್ಟೇಬಲ್ ಡಿಫ್ಯೂಷನ್ ಎಂಬ ಸಾಧನವು ಆ ಬಗೆಯ ರಾಶಿಯಿಂದಲೇ ಪಾಠ ಕಲಿತದ್ದು. ಚಿತ್ರ ಬರೆದವರ ಅನುಮತಿಯನ್ನು ಕೇಳಿದವರಿಲ್ಲ. ಆ ಸಾಗರದಲ್ಲಿ ನಮ್ಮ ನಾಡಿನ ಪಾಲು ಎಷ್ಟು ಅಲ್ಪವೆಂಬುದನ್ನು ತಿಳಿಯಲು ಯಕ್ಷಗಾನದ ಒಂದು ಬಣ್ಣದ ವೇಷವನ್ನು ಬರೆದುಕೊಡೆಂದು ಕೇಳಿ ನೋಡಬೇಕು. ಅನೇಕ ವೇಳೆ ಕಥಕ್ಕಳಿಯ ಮುಖವೇ ಸ್ವಲ್ಪ ವೇಷ ಮರೆಸಿಕೊಂಡು ಬರುತ್ತದೆ. ಇನ್ನು ಅಕ್ಷರಗಳ ಅವಸ್ಥೆ. ಅಕ್ಷರವನ್ನೂ ಒಂದು ಆಕೃತಿಯೆಂದೇ ಭಾವಿಸುವ ಈ ಸಾಧನಗಳು ಕನ್ನಡವನ್ನು ಬರೆಯಹೋಗಿ ಒತ್ತಕ್ಷರಗಳನ್ನು ಬೇಕಾದಲ್ಲಿ ನೇತುಹಾಕಿ, ದೀರ್ಘಗಳನ್ನು ನುಂಗಿ, ತೆಲುಗೂ ಅಲ್ಲದ ಕನ್ನಡವೂ ಅಲ್ಲದ ಒಂದು ಲಿಪಿಯನ್ನು ಆವಿಷ್ಕರಿಸುತ್ತವೆ. ಈ ದೋಷ ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದೆಯೆಂಬುದು ನಿಜ. ಆದಕಾರಣ ನನ್ನ ವಾದವನ್ನು ನಾನು ಇದರ ಮೇಲೆ ನಿಲ್ಲಿಸಲಾರೆ.

ಚಲನಚಿತ್ರದ ಪೋಸ್ಟರಿನ ಸಂಗತಿ ತುಸು ಭಿನ್ನ, ಏಕೆಂದರೆ ಅಲ್ಲಿ ಕೈಕಸಬಿನ ಮೇಲೆ ಯಂತ್ರ ಎರಗಿದ್ದು ಇದೇ ಮೊದಲಲ್ಲ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ಗಗನಚುಂಬಿಯಾಗಿ ನಿಲ್ಲುತ್ತಿದ್ದ ರಾಜಕುಮಾರರ ಕಟೌಟುಗಳನ್ನು, ಅಂಗೈಯಗಲದ ಫೋಟೋ ಒಂದಕ್ಕೆ ಚೌಕಳಿ ಹಾಕಿಕೊಂಡು, ತುಂಡುತುಂಡಾಗಿ ಬರೆದು ಜೋಡಿಸುತ್ತಿದ್ದ ವರ್ಣಚಿತ್ರಕಾರರಿದ್ದರು. ಹತ್ತಿರದಿಂದ ಬರಿಯ ಬಣ್ಣದ ಮೆತ್ತುವಿಕೆಯಾಗಿ ಕಾಣುತ್ತಿದ್ದ ಕಣ್ಣು ರಸ್ತೆಯ ಆಚೆಬದಿಯಿಂದ ನೋಡಿದಾಗ ಮಾತ್ರ ಕಣ್ಣಾಗುತ್ತಿತ್ತು. ಫ್ಲೆಕ್ಸ್ ಬಂದು ಕೆಲವೇ ವರ್ಷಗಳಲ್ಲಿ ಆ ವೃತ್ತಿಯನ್ನು ಮುಗಿಸಿತು. 2018ರಲ್ಲಿ ಉಚ್ಚ ನ್ಯಾಯಾಲಯದ ಕಟ್ಟುನಿಟ್ಟಿನಿಂದ ಊರಿನ ಫ್ಲೆಕ್ಸುಗಳನ್ನೆಲ್ಲ ಕಿತ್ತೆಸೆದಾಗ, ಆ ಸ್ಥಾನವನ್ನು ತುಂಬಬಲ್ಲ ಕೈಗಳು ಬಹುಪಾಲು ಬೇರೆ ಜೀವನೋಪಾಯವನ್ನು ಹಿಡಿದಿದ್ದವು. ಈಗ ಫ್ಲೆಕ್ಸಿಗೆ ಚಿತ್ರ ಜೋಡಿಸುತ್ತಿದ್ದ ಡಿಸೈನರುಗಳ ಸರದಿ. ನಟರೂ ಕ್ಯಾಮೆರಾವೂ ಇಲ್ಲದೆ, ಹತ್ತು ಲಕ್ಷ ರೂಪಾಯಿಗಳ ಆಸುಪಾಸಿನಲ್ಲಿ ಎಐಯಿಂದಲೇ ತಯಾರಾದ ‘ಲವ್ ಯು’ ಎಂಬ ಕನ್ನಡ ಚಿತ್ರವು 2025ರಲ್ಲಿ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರವನ್ನು ಪಡೆದ ಮೇಲೆ, ಪೋಸ್ಟರೊಂದನ್ನು ಯಂತ್ರ ಬರೆಯಿತೆಂದು ಆಶ್ಚರ್ಯಪಡುವುದಕ್ಕೆ ಅರ್ಥವಿಲ್ಲ. ಹಣವಿಲ್ಲದವರ ಮಾತು ಹಾಗಿರಲಿ; ಅಮೆರಿಕದ ಎ24 ಸಂಸ್ಥೆ 2024ರಲ್ಲಿ ‘ಸಿವಿಲ್ ವಾರ್’ ಚಿತ್ರಕ್ಕಾಗಿ ಯಂತ್ರದಿಂದ ಬರೆಸಿದ ಪ್ರಚಾರಚಿತ್ರವೊಂದರಲ್ಲಿ, ಷಿಕಾಗೋ ನಗರದಲ್ಲಿ ಪಕ್ಕಪಕ್ಕದಲ್ಲಿ ನಿಂತಿರುವ ಎರಡು ಪ್ರಸಿದ್ಧ ಗೋಪುರಗಳು ನದಿಯ ಆಚೆಗೊಂದು ಈಚೆಗೊಂದಾಗಿ ಹಂಚಿಹೋಗಿದ್ದವು. ಕೋಟಿಗಟ್ಟಲೆ ಸುರಿದವರಲ್ಲಿಯೂ ಅದನ್ನು ಒಮ್ಮೆ ದಿಟ್ಟಿಸಿ ನೋಡುವ ವ್ಯವಧಾನವಿರಲಿಲ್ಲ.

ಕಾನೂನು ಇನ್ನೂ ತಡವರಿಸುತ್ತಿದೆ. ಮಿಡ್‌ಜರ್ನಿ ಎಂಬ ಇಂಥದೇ ಸಾಧನದಿಂದ ಬರೆಸಿದ ಒಂದು ಚಿತ್ರಕಥಾ ಪುಸ್ತಕದಲ್ಲಿ ಬರೆಹಕ್ಕೆ ಹಕ್ಕುಂಟು, ಬಿಡಿ ಚಿತ್ರಗಳಿಗಿಲ್ಲ ಎಂದು ಅಮೆರಿಕದ ಕೃತಿಸ್ವಾಮ್ಯ ಕಚೇರಿ 2023ರಲ್ಲಿ ತೀರ್ಮಾನಿಸಿತು. ನಮ್ಮ 1957ರ ಅಧಿನಿಯಮಕ್ಕೆ 1994ರಲ್ಲಿ ಸೇರಿದ ತಿದ್ದುಪಡಿಯಾದರೋ, ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ ಅದು ಹುಟ್ಟಲು ಕಾರಣನಾದ ವ್ಯಕ್ತಿಯೇ ಕರ್ತೃವೆನ್ನುತ್ತದೆ. ಆ ವ್ಯಕ್ತಿ ಅಪ್ಪಣೆ ಕೊಟ್ಟವನೋ, ಸಾಧನವನ್ನು ಕಟ್ಟಿದವನೋ ಎಂಬುದು ವಿವಾದಕ್ಕೆ ತೆರೆದೇ ಇದೆ. ನ್ಯೂಜಿಲೆಂಡಿನಲ್ಲಿ ಆಕಮ್ ಎಂಬ ಗ್ರಂಥಪುರಸ್ಕಾರದ ಸ್ಪರ್ಧೆಯಿಂದ 2025ರಲ್ಲಿ ಇಬ್ಬರು ಲೇಖಕಿಯರ ಕೃತಿಗಳನ್ನು ಹೊರಗಿಟ್ಟರು. ಒಳಗಿನ ಬರೆಹಕ್ಕಾಗಿ ಅಲ್ಲ, ಹೊದಿಕೆಯ ಚಿತ್ರದಲ್ಲಿ ಎಐಯ ಕೈವಾಡವಿದ್ದುದಕ್ಕಾಗಿ. ನಿಯಮವು ಬರುವ ಹೊತ್ತಿಗೆ ಆ ಹೊದಿಕೆಗಳು ಸಿದ್ಧವಾಗಿದ್ದವಂತೆ. ಚಿತ್ರಕಾರರ ಪರವಾದ ಆ ಕಳಕಳಿ ಮೆಚ್ಚತಕ್ಕದ್ದೇ; ಆದರೆ ದಂಡವು ಬಿದ್ದದ್ದು ಮುಖಪುಟದ ಮೇಲೆ ಯಾವ ಅಧಿಕಾರವೂ ಇಲ್ಲದವರ ತಲೆಯ ಮೇಲೆ. ಇಂಥ ಕ್ರಮವನ್ನು ನಮ್ಮ ಪ್ರಾಧಿಕಾರ–ಅಕಾಡೆಮಿಗಳು ಅನುಕರಿಸಬಾರದೆಂದೇ ನನ್ನ ಅಭಿಪ್ರಾಯ.

ನಿಷೇಧಕ್ಕಿಂತ ಪ್ರಕಟನೆ ಲೇಸು. ಚಿತ್ರವು ಯಂತ್ರದ್ದಾದರೆ ಹಾಗೆಂದೇ ಅಚ್ಚಾಗಲಿ. ಅದನ್ನು ಆರಿಸಿ ತಿದ್ದಿದವರಿದ್ದರೆ ಅವರ ಹೆಸರೂ ಇರಲಿ, ಓದುಗನು ಬೈಯಬೇಕೆಂದರೆ ಯಾರನ್ನು ಬೈಯಬೇಕೆಂದು ತಿಳಿದಿರಲಿ. ಹಣವಿಲ್ಲದವರು ಅಕ್ಷರಗಳನ್ನೇ ನೆಚ್ಚಬಹುದು. ನಮ್ಮ ಹಿರಿಯರ ಎಷ್ಟೋ ಉದ್ಗ್ರಂಥಗಳು ಬರಿಯ ಹೆಸರು, ಒಂದು ಅಂಚುಗೆರೆ, ಪ್ರಕಾಶಕರ ಮುದ್ರೆ ಇಷ್ಟನ್ನೇ ಹೊತ್ತು ಹೊರಬಂದವು. ಅವುಗಳನ್ನು ಬಡ ಪುಸ್ತಕಗಳೆಂದು ಯಾರೂ ಕರೆಯಲಿಲ್ಲ.

ಈ ಸಂಚಿಕೆಯ ಹೊದಿಕೆಯ ಮೇಲೆ ಚಿತ್ರವಿಲ್ಲದಿರುವುದಕ್ಕೆ ಕಾರಣ ಸಿದ್ಧಾಂತವಲ್ಲ, ಈ ತಿಂಗಳ ಕಾಗದದ ಬಿಲ್ಲು. ದೀಪಾವಳಿ ವಿಶೇಷಾಂಕಕ್ಕೆ ಕಲಾವಿದರೊಬ್ಬರು ಒಪ್ಪಿದ್ದಾರೆ. ಕಥೆಗಳ ಹಸ್ತಪ್ರತಿಗಳನ್ನು ಪೂರ್ತಿಯಾಗಿ ಕಳುಹಿಸಿಕೊಡಿ, ಸಾರಾಂಶ ಬೇಡ ಎಂದು ಪತ್ರ ಬರೆದಿದ್ದಾರೆ. ಆದಕಾರಣ ಕಥೆಗಾರರು ಈ ಬಾರಿ ತಮ್ಮ ಬರೆಹಗಳನ್ನು ಎಂದಿಗಿಂತ ಹದಿನೈದು ದಿನ ಮೊದಲೇ ತಲಪಿಸಬೇಕೆಂದು ಕೋರುತ್ತೇನೆ.